ಆಮವಾತವೂ ರಕ್ತಪರೀಕ್ಷೆಯೂ

ತಾಂಡ್ಯವನ್ನೊಳಗೊಂಡ ನಂಜನಗೂಡು ಸೀಮೆಗೂ ವೈದ್ಯಕ್ಕೂ ಸಂಬಂಧವು ಹಳೆಯದು. ಕಪಿಲಾತೀರದ ಶ್ರೀಕಂಠೇಶ್ವರನು ರೋಗಹರನೆಂದು ಪ್ರಸಿದ್ಧನು. ಬಿ. ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆಯನ್ನು ಸ್ಥಾಪಿಸಿದುದೂ ಈ ಕ್ಷೇತ್ರದಲ್ಲಿಯೇ. ಲೋಕದ ಮಾತಿನಲ್ಲಿ ಕೀಲುಗಳ ಊತನೋವುಗಳಿಗೆಲ್ಲ ‘ವಾತ’ವೆಂಬುದೊಂದೇ ಹೆಸರು, ಶಾಸ್ತ್ರವಾದರೋ ಇವನ್ನು ವಿಂಗಡಿಸಿದೆ. ಇಂಗ್ಲಿಷ್ ವೈದ್ಯರ ‘ರುಮಟಾಯ್ಡ್ ಆರ್ಥ್ರೈಟಿಸ್’ ಎಂಬುದಕ್ಕೆ ‘ಆಮವಾತ’ವೆಂಬ ಹೆಸರು ಈಗ ರೂಢಿಯಲ್ಲಿದೆ. ಇದು ಎಷ್ಟರಮಟ್ಟಿಗೆ ಯುಕ್ತ, ಈ ರೋಗದ ಬಲಾಬಲವನ್ನು ರಕ್ತದಿಂದ ಅಳೆಯುವ ಕ್ರಮವು ಹೇಗೆ ಬೆಳೆಯಿತು ಎಂಬುದು ವಿಚಾರಾರ್ಹವಾಗಿದೆ.

ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವಾತರಕ್ತಕ್ಕೆ ಪ್ರತ್ಯೇಕಾಧ್ಯಾಯವುಂಟು, ಆಮವಾತಕ್ಕಿಲ್ಲ. ಇದನ್ನು ಬೇರೆ ಅಧ್ಯಾಯದಲ್ಲಿ ನಿರೂಪಿಸಿದವನು ನಿದಾನಕಾರನಾದ ಮಾಧವಕರನು. ಅಗ್ನಿಮಾಂದ್ಯದಿಂದ ಹುಟ್ಟಿದ ಆಮವು ವಾಯುಪ್ರೇರಿತವಾಗಿ ಸಂಧಿಗಳನ್ನು ಸೇರುವುದೆಂದೂ, ಮೈನೋವು, ಅರುಚಿ, ಜ್ವರ, ಅಂಗಗಳ ಊತಗಳು ತೋರುವುವೆಂದೂ, ಬೇನೆಯು ಚೇಳು ಕುಟುಕಿದಂತಿರುವುದೆಂದೂ ಅವನ ಮತ. ಆದರೆ ಈ ಲಕ್ಷಣಗಳು ಇತರ ಸಂಧಿರೋಗಗಳಲ್ಲಿಯೂ ಕಾಣುವುದರಿಂದ ಎರಡು ಹೆಸರುಗಳೂ ಸರ್ವಾಂಶದಲ್ಲಿ ಪರ್ಯಾಯಗಳೆನ್ನಲಾಗದು.

ರಕ್ತವನ್ನು ನೋಡಿ ದೋಷವನ್ನು ತಿಳಿಯುವುದು ಪ್ರಾಚೀನರಿಗೆ ಅಪರಿಚಿತವಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದ 14ನೆಯ ಅಧ್ಯಾಯದ ಪ್ರಕಾರ ವಾತದುಷ್ಟ ರಕ್ತವು ನೊರೆಯುಳ್ಳುದು, ತೆಳುವಾದುದು, ಬೇಗ ಹರಿಯುವುದು, ಹೆಪ್ಪುಗಟ್ಟದುದು. ಕಫದುಷ್ಟವು ಕಾವಿನೀರಿನ ಬಣ್ಣದುದು, ದಪ್ಪನಾದುದು, ಮೆಲ್ಲನೆ ಹರಿಯುವುದು. ಇಲ್ಲಿ ಗುಣಪರೀಕ್ಷೆಯುಂಟು, ಪರಿಮಾಣವಿಲ್ಲ.

ಪರಿಮಾಣವು ಬಂದುದು ಯೂರೋಪಿನಲ್ಲಿ. ಆಲ್‌ಫ್ರೆಡ್ ಗ್ಯಾರಡ್ ಎಂಬ ಆಂಗ್ಲ ವೈದ್ಯನು 1848ರಲ್ಲಿ ‘ಗೌಟ್’ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲವು ಹೆಚ್ಚಿರುವುದನ್ನು ತೋರಿಸಿದನು; ಅದರಿಂದ ಭಿನ್ನವಾದ ವ್ಯಾಧಿಗೆ 1859ರಲ್ಲಿ ‘ರುಮಟಾಯ್ಡ್ ಆರ್ಥ್ರೈಟಿಸ್’ ಎಂದು ಹೆಸರಿಟ್ಟನು. ಉರಿಯೂತವುಳ್ಳವರಿಂದ ತೆಗೆದ ರಕ್ತದ ಮೇಲೆ ಬಿಳಿಚಾದ ಪದರವು ಕಟ್ಟುವುದನ್ನು ಅಲ್ಲಿಯ ವೈದ್ಯರು ಮೊದಲೇ ಕಂಡಿದ್ದರು. ಹೆಪ್ಪುಗಟ್ಟುವ ಮೊದಲೇ ಕೆಂಪುಕಣಗಳು ತಳಕ್ಕೆ ಇಳಿಯುವುದೇ ಇದರ ಕಾರಣ. ಸ್ವೀಡನ್ನಿನ ಫೋರಿಯಸ್, ವೆಸ್ಟರ್‌ಗ್ರೆನ್ ಎಂಬವರ ಪರಿಶ್ರಮದಿಂದ 1921ರ ವೇಳೆಗೆ ಈ ಇಳಿತವನ್ನು ಗಂಟೆಗೆ ಇಷ್ಟು ಮಿಲಿಮೀಟರೆಂದು ಅಳೆಯುವ ಕ್ರಮವು (ಇ.ಎಸ್.ಆರ್.) ಸಿದ್ಧವಾಯಿತು. 1930ರಲ್ಲಿ ಟಿಲೆಟ್, ಫ್ರಾನ್ಸಿಸ್ ಎಂಬವರು ಸಿ-ಪ್ರತಿಕ್ರಿಯಾ ಪ್ರೋಟೀನನ್ನು (ಸಿ.ಆರ್.ಪಿ.) ಕಂಡರು, ಉರಿಯೂತವಾದಾಗ ಯಕೃತ್ತು ಇದನ್ನು ಹೆಚ್ಚಾಗಿ ಉತ್ಪಾದಿಸುತ್ತದೆ.

1940ರಲ್ಲಿ ನಾರ್ವೆಯ ವಾಲರ್, 1948ರಲ್ಲಿ ಅಮೆರಿಕದ ರೋಸ್ ಎಂಬವರು ವಿವರಿಸಿದ ರುಮಟಾಯ್ಡ್ ಅಂಶವೂ, 1998ರಿಂದೀಚೆಗೆ ಬಳಕೆಗೆ ಬಂದ ಸಿಟ್ರುಲಿನ್‌ಸಂಬಂಧದ ಪ್ರತಿಕಾಯಗಳ ಪರೀಕ್ಷೆಯೂ ಬೇರೊಂದು ವರ್ಗದವು. ಇವು ರೋಗವು ಯಾವುದೆಂದು ನಿರ್ಣಯಿಸಲು ನೆರವಾಗುವುವೇ ಹೊರತು, ಇಂದು ಅದರ ಉಲ್ಬಣವೆಷ್ಟೆಂದು ಚೆನ್ನಾಗಿ ಹೇಳಲಾರವು. ಉಲ್ಬಣವನ್ನು ಸೂಚಿಸುವ ಮೊದಲಿನೆರಡೂ ನಿರ್ದುಷ್ಟವಲ್ಲ: ಇಳಿತದ ವೇಗವು ರಕ್ತಹೀನತೆ, ಗರ್ಭ, ವೃದ್ಧಾಪ್ಯಗಳಲ್ಲಿಯೂ ಹೆಚ್ಚುತ್ತದೆ, ಸಿ.ಆರ್.ಪಿ. ಇತರ ಸೋಂಕುಗಳಿಂದಲೂ ಏರುತ್ತದೆ. ಕೀಲು ಊದಿರುವಾಗಲೂ ಒಮ್ಮೊಮ್ಮೆ ಎರಡೂ ಸಹಜಪ್ರಮಾಣದಲ್ಲಿರುತ್ತವೆ.

ಆದುದರಿಂದಲೇ 1995ರಲ್ಲಿ ಪ್ರಕಟವಾದ ‘ಡಿ.ಎ.ಎಸ್. 28’ ಎಂಬ ಮಾನವು ರಕ್ತವೊಂದನ್ನೇ ನಂಬಲಿಲ್ಲ. 28 ಸಂಧಿಗಳಲ್ಲಿ ಊದಿದವೆಷ್ಟು, ಒತ್ತಿದರೆ ನೋಯುವುವೆಷ್ಟು ಎಂದು ಎಣಿಸಿ, ರೋಗಿಯು ತನ್ನ ಸ್ಥಿತಿಯನ್ನು ಕುರಿತು ಹೇಳುವುದನ್ನು ಸೇರಿಸಿ, ರಕ್ತದ ಅಂಕವನ್ನು ಅವುಗಳೊಡನೆ ಕೂಡಿಸಿ ಗಣಿಸುವುದು ಇದರ ಕ್ರಮ. ವಾಗ್ಭಟನು ಹೇಳಿದ ದರ್ಶನ, ಸ್ಪರ್ಶನ, ಪ್ರಶ್ನಗಳೆಂಬ ತ್ರಿವಿಧ ಪರೀಕ್ಷೆಯು ಇಲ್ಲಿ ಸಂಖ್ಯಾರೂಪವನ್ನು ತಾಳಿದೆ. ರಕ್ತವು ನಾಲ್ಕನೆಯ ಸಾಕ್ಷಿಯಾಗಿ ಬಂದಿದೆ.

ಇಷ್ಟರಿಂದ ಆಧುನಿಕ ಪರೀಕ್ಷೆಗಳೆಲ್ಲ ಸಂಹಿತೆಗಳಲ್ಲಿದ್ದುವೆಂದು ಸಾಧಿಸುವುದು ಶಾಸ್ತ್ರಗೌರವವಾಗದು. ಪ್ರಾಚೀನರು ಏನನ್ನೂ ಅರಿಯರೆಂಬುದೂ ನ್ಯಾಯವಲ್ಲ. ಪ್ರಶ್ನೆಯು ಪುರಾತನ, ಪ್ರಮಾಣವು ನೂತನ. ಆಮವಾತವೆಂಬ ಪದವನ್ನು ಬಳಸುವವರು ಈ ಭೇದವನ್ನು ಮರೆಯಬಾರದು. ಹೆಸರಿನ ಸಾಮ್ಯದಿಂದ ವ್ಯಾಧಿಯು ನಿರ್ಣೀತವಾಯಿತೆಂದು ಪರೀಕ್ಷೆಯನ್ನು ಬಿಟ್ಟರೆ, ಅದರ ಫಲವನ್ನು ಅನುಭವಿಸುವುದು ರೋಗಿಯ ಸಂಧಿಗಳು.