ಸದ್ದಿಗೆ ಸದ್ದೇ ಮದ್ದು

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎನ್ನುವುದು ನಮ್ಮಲ್ಲಿ ಹಳೆಯ ಮಾತು. ಸದ್ದನ್ನು ಸದ್ದಿನಿಂದಲೇ ತೆಗೆಯಬಹುದು ಎಂದು ಬರೆದು ಪೇಟೆಂಟಿಗೆ ಅರ್ಜಿ ಹಾಕಿದವರು ಜರ್ಮನಿಯ ಪೌಲ್ ಲ್ಯೂಗ್. ಅದು 1933. ಅಮೆರಿಕದ ಪೇಟೆಂಟ್ ಅವರಿಗೆ 1936ರಲ್ಲಿ ಸಿಕ್ಕಿತು. ಇವತ್ತು ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಕುತ್ತಿಗೆಗೆ ನೇತುಬಿದ್ದಿರುವ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನುಗಳ ಬೇರು ಅಲ್ಲಿದೆ. ದೂರದ ಪ್ರಯಾಣಕ್ಕೆ ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನು ಬೆಲೆಗೂ ಬ್ರ್ಯಾಂಡಿಗೂ ಮೊದಲು ಈ ಚರಿತ್ರೆ ಹೇಳಲು ಕೂರುತ್ತೇನೆ. ಕೇಳಿದವರಿಗೆ ಸ್ವಲ್ಪ ಬೇಸರವಾಗುತ್ತದೆ, ನಿಜ. ಆದರೆ ಈ ಯಂತ್ರ ಯಾವ ಸದ್ದನ್ನು ಅಡಗಿಸಬಲ್ಲದು, ಯಾವುದರ ಮುಂದೆ ಸೋಲುತ್ತದೆ ಎನ್ನುವುದು ಅದು ಬೆಳೆದುಬಂದ ದಾರಿಯಲ್ಲೇ ಇದೆ.

ಲ್ಯೂಗ್ ಅವರ ಯೋಚನೆ ಸರಳ. ಸದ್ದೆಂದರೆ ಗಾಳಿಯ ಒತ್ತಡದ ಏರಿಳಿತ. ಒಂದು ಅಲೆ ಏರುವಾಗ ಸರಿಯಾಗಿ ಅಷ್ಟೇ ಇಳಿಯುವ ಇನ್ನೊಂದು ಅಲೆಯನ್ನು ಅದರ ಮೇಲೆ ಬಿಟ್ಟರೆ ಎರಡೂ ಸೇರಿ ಸಮತಟ್ಟಾಗುತ್ತವೆ. ಕೊಳವೆಯೊಳಗೆ ಬರುತ್ತಿರುವ ಸದ್ದನ್ನು ಮೈಕ್ ಮೊದಲೇ ಹಿಡಿಯಬೇಕು, ಮುಂದೆ ಇಟ್ಟ ಸ್ಪೀಕರ್ ಅದರ ತಿರುವುಮುರುವು ರೂಪವನ್ನು ನುಡಿಸಬೇಕು. ವಿದ್ಯುತ್ತು ಸದ್ದಿಗಿಂತ ವೇಗವಾಗಿ ಓಡುವುದರಿಂದ ಅದಕ್ಕೆ ಸಮಯ ಸಿಗುತ್ತದೆ. ಕಷ್ಟ ಇರುವುದು ಕರಾರುವಾಕ್ಕುತನದಲ್ಲಿ. ಎದುರು ಸದ್ದು ಅರ್ಧ ಅಲೆಯಷ್ಟು ತಡವಾದರೆ ಗದ್ದಲ ಅಡಗುವ ಬದಲು ಇನ್ನಷ್ಟು ಜೋರಾಗುತ್ತದೆ. ಆ ಕಾಲದ ವ್ಯಾಕ್ಯೂಮ್ ಟ್ಯೂಬುಗಳಿಗೆ ಈ ಕೆಲಸ ಭಾರವಾಗಿತ್ತು.

1953ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯ ಹ್ಯಾರಿ ಓಲ್ಸನ್ ಮತ್ತು ಎವರೆಟ್ ಮೇ ಇದಕ್ಕೆ ಒಂದು ಜಾಣ ದಾರಿ ತೋರಿಸಿದರು. ಇಡೀ ಕೋಣೆಯನ್ನು ಮೌನಗೊಳಿಸುವ ಹಟ ಬಿಟ್ಟು, ಕೂತವರ ತಲೆಯ ಬಳಿಯ ಸಣ್ಣ ಜಾಗವನ್ನಷ್ಟೇ ಶಾಂತವಾಗಿಸಿದರೆ ಸಾಕು ಎಂದರು. ಅದೇ ದಶಕದಲ್ಲಿ ಲಾರೆನ್ಸ್ ಫೋಗೆಲ್ ಈ ವಿದ್ಯೆಯನ್ನು ವಿಮಾನ, ಹೆಲಿಕಾಪ್ಟರ್ ಚಾಲಕರ ಕಿವಿಯ ಬಳಿಗೆ ತಂದರು. ಅವರ ಉದ್ದೇಶವನ್ನು ನಾವು ಗಮನಿಸಬೇಕು. ಚಾಲಕನಿಗೆ ನೆಮ್ಮದಿ ಕೊಡುವುದು ಅವರ ತಲೆಯಲ್ಲಿರಲಿಲ್ಲ. ರೇಡಿಯೋದಲ್ಲಿ ಬರುವ ಮಾತು ಎಂಜಿನ್ನಿನ ಆರ್ಭಟದ ನಡುವೆ ಸ್ಪಷ್ಟವಾಗಿ ಕೇಳಿಸಬೇಕಿತ್ತು. ಒಂದು ಪದ ತಪ್ಪಿ ಕೇಳಿದರೂ ಜೀವಕ್ಕೆ ಅಪಾಯವಿರುವ ಕೆಲಸ ಅದು.

ಪ್ರಯಾಣಿಕರ ಕಡೆಗೆ ಈ ಕಥೆಯನ್ನು ತಿರುಗಿಸಿದವರು ಅಮರ್ ಬೋಸ್. ಅವರ ತಂದೆ ನೋನಿ ಗೋಪಾಲ್ ಬೋಸ್ ಬ್ರಿಟಿಷರ ವಿರುದ್ಧ ಹೋರಾಡಿ ಸೆರೆಮನೆ ಕಂಡು, ಬಂಗಾಳದಿಂದ ಅಮೆರಿಕಕ್ಕೆ ತಪ್ಪಿಸಿಕೊಂಡು ಹೋದವರು. 1929ರಲ್ಲಿ ಹುಟ್ಟಿದ ಮಗ, ಎರಡನೇ ಮಹಾಯುದ್ಧದ ಕಾಲದಲ್ಲಿ ತಂದೆಯ ವ್ಯಾಪಾರ ಕುಸಿದಾಗ, ಇನ್ನೂ ಹುಡುಗನಾಗಿದ್ದಾಗಲೇ ಮನೆಯಲ್ಲಿ ರೇಡಿಯೋ ರಿಪೇರಿ ಮಾಡಿ ಸಂಸಾರಕ್ಕೆ ಆಸರೆಯಾದ. ಮುಂದೆ ಎಂಐಟಿಯಲ್ಲಿ ಪ್ರಾಧ್ಯಾಪಕರಾದರು, 1964ರಲ್ಲಿ ತಮ್ಮ ಹೆಸರಿನ ಕಂಪನಿ ಕಟ್ಟಿದರು. 1978ರಲ್ಲಿ ಜೂರಿಕ್‌ನಿಂದ ಬಾಸ್ಟನ್‌ಗೆ ಬರುವಾಗ ವಿಮಾನದಲ್ಲಿ ಕೊಟ್ಟ ಹೆಡ್‌ಫೋನ್ ಹಾಕಿಕೊಂಡರು. ಆಗ ಬಹಳಷ್ಟು ವಿಮಾನಗಳಲ್ಲಿ ಡಾಕ್ಟರ ಸ್ಟೆತೊಸ್ಕೋಪಿನಂಥ ಗಾಳಿಕೊಳವೆಗಳಿರುತ್ತಿದ್ದವು. ಇವರಿಗೆ ಸಿಕ್ಕಿದ್ದು ಹೊಸ ಬಗೆಯ ಎಲೆಕ್ಟ್ರಾನಿಕ್ ಹೆಡ್‌ಫೋನ್. ಆದರೂ ಎಂಜಿನ್ನಿನ ಗುಂಯ್‌ಗುಡುವಿಕೆಯಲ್ಲಿ ಸಂಗೀತ ಮುಳುಗಿಹೋಯಿತು. ಕೆಳಗಿಳಿಯುವ ಹೊತ್ತಿಗೆ ಅವರು ಸದ್ದಳಿಸುವ ಹೆಡ್‌ಫೋನಿನ ಮೂಲ ಲೆಕ್ಕಗಳನ್ನು ಮಾಡಿ ಮುಗಿಸಿದ್ದರಂತೆ. ಫೋಗೆಲ್‌ಗೆ ಮಾತು ಕೇಳಬೇಕಿತ್ತು, ಬೋಸ್‌ಗೆ ಸಂಗೀತ.

ಲೆಕ್ಕ ವಸ್ತುವಾಗಲು ವರ್ಷಗಳು ಹಿಡಿದವು. ದೊಡ್ಡ ಪರೀಕ್ಷೆ ಎದುರಾದದ್ದು 1986ರ ಡಿಸೆಂಬರಿನಲ್ಲಿ. ಡಿಕ್ ರುಟಾನ್ ಮತ್ತು ಜೀನಾ ಯೇಗರ್ 'ವಾಯೇಜರ್' ಎಂಬ ಪುಟ್ಟ ವಿಮಾನದಲ್ಲಿ ಎಲ್ಲೂ ಇಳಿಯದೆ, ಇಂಧನ ತುಂಬಿಸಿಕೊಳ್ಳದೆ ಭೂಮಿಯನ್ನು ಸುತ್ತಿದರು. ಸುಮಾರು 40,000 ಕಿಲೋಮೀಟರ್, ಒಂಬತ್ತು ದಿನ. ಮೈ ಚಾಚಲೂ ಕಷ್ಟವಾದ ಗೂಡು, ಹಿಂದೊಂದು ಮುಂದೊಂದು ಎಂಜಿನ್. ಅಷ್ಟು ದಿನ ಆ ಸದ್ದಿನಲ್ಲಿದ್ದರೆ ಕಿವಿ ಶಾಶ್ವತವಾಗಿ ಹಾಳಾಗುವ ಭಯವಿತ್ತು. ಬೋಸ್ ಕಂಪನಿಯ ಪ್ರಯೋಗದ ಹೆಡ್‌ಸೆಟ್‌ಗಳು ಅವರ ಕಿವಿ ಕಾಯ್ದವು. 1989ರಲ್ಲಿ ಇದೇ ಹೆಡ್‌ಸೆಟ್ ಚಾಲಕರಿಗಾಗಿ ಮಾರುಕಟ್ಟೆಗೆ ಬಂತು. ಸಾಮಾನ್ಯ ಗ್ರಾಹಕರಿಗೆಂದು ಕಂಪನಿ 'ಕ್ವಯಟ್ ಕಂಫರ್ಟ್' ತಂದದ್ದು 2000ದಲ್ಲಿ. ಆಮೇಲೆ ಪೈಪೋಟಿ ಏರಿತು. ಸೋನಿಯ 1000ಎಕ್ಸ್ ಸರಣಿ 2016ರಲ್ಲಿ ಶುರುವಾಯಿತು. 2019ರಲ್ಲಿ ಆ್ಯಪಲ್‌ನ ಏರ್‌ಪಾಡ್ಸ್ ಪ್ರೊ ಈ ವಿದ್ಯೆಯನ್ನು ಕಿವಿಯೊಳಗಿನ ಗುಂಡಿಯಷ್ಟು ಚಿಕ್ಕದು ಮಾಡಿತು.

ಇನ್ನು ಕೊಳ್ಳುವ ಮಾತು. ನಮ್ಮ ಚಿಕ್ಕಮ್ಮ ಮಗಳ ಬಾಣಂತನಕ್ಕೆ ಕ್ಯಾಲಿಫೋರ್ನಿಯಾಕ್ಕೆ ಹೊರಟಾಗ ಅಳಿಯ ಒಂದು ಹೆಡ್‌ಫೋನ್ ಕೊಡಿಸುವುದಾಗಿ ಹೇಳಿದ್ದರು. ಚಿಕ್ಕಮ್ಮನ ಅನುಮಾನವೇ ಬೇರೆ. "ಕಿವಿ ಮುಚ್ಕೊಂಡು ಕೂತ್ರೆ ಊಟ ಕೊಡೋಕೆ ಬಂದಿದ್ದು ಗೊತ್ತಾಗುತ್ತೇನೋ? ಪಕ್ಕದಲ್ಲಿ ಮಗು ಅತ್ರೆ ಕೇಳ್ಸುತ್ತಾ?" ಎಂದು ನನ್ನನ್ನು ಕೇಳಿದರು. ಕೇಳಿಸುತ್ತದೆ ಎಂದೆ. ಅವರಿಗೆ ಸಮಾಧಾನವಾಯಿತು. ಬೇರೆಯವರಿಗಾದರೆ ಇದೇ ಉತ್ತರ ನಿರಾಸೆ ತರುತ್ತಿತ್ತು.

ಕಾರಣ ಅಲೆಯ ಉದ್ದದಲ್ಲಿದೆ. ಎಂಜಿನ್ನಿನ ಗುಂಯ್ ಸದ್ದು ತಗ್ಗಿನ ಶ್ರುತಿಯದು. 100 ಹರ್ಟ್ಸ್‌ನ ಒಂದು ಅಲೆ ಮೂರು ಮೀಟರಿಗೂ ಉದ್ದ, ನಿಧಾನ, ಒಂದೇ ಸಮ. ಎದುರು ಸದ್ದು ಅದಕ್ಕೆ ಸುಲಭವಾಗಿ ಹೊಂದುತ್ತದೆ. 3,000 ಹರ್ಟ್ಸ್‌ನ ಅಲೆ ಒಂದು ಗೇಣಿಗಿಂತಲೂ ಚಿಕ್ಕದು, ಕಣ್ಣು ಮಿಟುಕಿಸುವುದರೊಳಗೆ ನೂರಾರು ಬಾರಿ ಏರಿಳಿಯುತ್ತದೆ. ಮಗುವಿನ ಅಳು, ಪಕ್ಕದವರ ಮಾತು, ಪಾತ್ರೆಯ ಟಣ್ ಸದ್ದುಗಳ ಬಹುಭಾಗ ಈ ಮೇಲಿನ ಸ್ತರದಲ್ಲಿರುತ್ತದೆ. ಅವನ್ನು ತಗ್ಗಿಸುವುದು ವಿದ್ಯುತ್ತಿಗಿಂತ ಹೆಚ್ಚಾಗಿ ಕಿವಿಯನ್ನು ಸುತ್ತುವ ಮೆತ್ತೆ. ನಮ್ಮ ರಾತ್ರಿ ಬಸ್ಸಿನಲ್ಲೂ ಇದೇ ಕಥೆ: ಎಂಜಿನ್ ಅಡಗುತ್ತದೆ, ಹಾರ್ನ್ ಅಡಗುವುದಿಲ್ಲ.

ಹಾಗಾಗಿ ನಾನು ಮೊದಲು ನೋಡುವುದು ಮೆತ್ತೆಯನ್ನು. ಕಿವಿಯ ಸುತ್ತ ಸಂದಿಲ್ಲದೆ ಕೂರಬೇಕು. ಕನ್ನಡಕದ ಕಡ್ಡಿಯ ಸಂದಿಯಲ್ಲಿ ಸದ್ದು ನುಗ್ಗುವುದರಿಂದ ಕನ್ನಡಕ ಹಾಕುವವರು ಹಾಕಿಕೊಂಡೇ ಪರೀಕ್ಷಿಸಬೇಕು. ಅಂಗಡಿಯ ಮೌನದಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತವೆ. ಎಸಿಯದೋ ಜನರೇಟರಿನದೋ ಸದ್ದಿನ ಬಳಿ ನಿಂತು ನೋಡಬೇಕು. ಕೆಲವರಿಗೆ ಇದನ್ನು ಹಾಕಿದೊಡನೆ ಕಿವಿ ಒತ್ತಿದಂತಾಗುತ್ತದೆ, ಅಂಥವರು ಕಾಲು ಗಂಟೆಯಾದರೂ ಹಾಕಿಕೊಂಡಿರಬೇಕು. ಬ್ಯಾಟರಿಗೆ ಅಳತೆಗೋಲು ಪ್ರಯಾಣವೇ. 2021ರ ಜನವರಿಯಲ್ಲಿ ಮಹಿಳಾ ಚಾಲಕರು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ತಂದ ಏರ್ ಇಂಡಿಯಾದ ಮೊದಲ ನೇರ ವಿಮಾನ ಸುಮಾರು 17 ಗಂಟೆ ಹಾರಿತ್ತು. ಕಿವಿಯೊಳಗೆ ತೂರಿಸುವ ಚಿಕ್ಕವು ಅಷ್ಟು ಹೊತ್ತು ಒಂದೇ ಚಾರ್ಜಿನಲ್ಲಿ ಬರುವುದಿಲ್ಲ, ನಡುವೆ ಡಬ್ಬಿಗೆ ಹಾಕಬೇಕು. ಎದುರಿನ ಪರದೆಯಲ್ಲಿ ಸಿನಿಮಾ ನೋಡುವವರಿಗೆ ವೈರ್ ಬೇಕು. ಹಳೆಯ ವಿಮಾನಗಳಲ್ಲಿ ಎರಡು ತೂತಿನ ಸಾಕೆಟ್ ಇರಬಹುದು, ಅದಕ್ಕೊಂದು ಚಿಕ್ಕ ಅಡಾಪ್ಟರ್ ಜೊತೆಗಿರಲಿ. ಹೊರಗಿನ ಮಾತನ್ನು ಒಳಬಿಡುವ ಗುಂಡಿ ಸುಲಭವಾಗಿ ಕೈಗೆ ಸಿಗಬೇಕು. ಒಬ್ಬರೇ ಹೋಗಿ ನಡುವೆ ವಿಮಾನ ಬದಲಿಸುವವರಿಗೆ ಅದು ಬೇಕೇ ಬೇಕು.

ಹಾರುವ ವಿಮಾನದೊಳಗಿನ ಸದ್ದು ಸಾಮಾನ್ಯವಾಗಿ 80ರಿಂದ 85 ಡೆಸಿಬಲ್. ಸಾಧಾರಣ ಹೆಡ್‌ಫೋನ್ ಹಾಕಿದವರು ಅದನ್ನು ಮೀರಿಸಲು ಹಾಡಿನ ಸದ್ದನ್ನು ಏರಿಸುತ್ತಲೇ ಹೋಗುತ್ತಾರೆ. 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಿನ್ನೆಲೆಯ ಗದ್ದಲ ತಗ್ಗಿದರೆ ಹಾಡನ್ನು ಮೆಲ್ಲಗೆ ಇಟ್ಟರೂ ಕೇಳುತ್ತದೆ. ವಾಯೇಜರ್ ಚಾಲಕರಿಗೆ ಒದಗಿದ ಲಾಭವೇ ನಮಗೂ ಒದಗುವುದು ಇಲ್ಲಿ. ದುಬಾರಿ ಹೆಡ್‌ಫೋನ್ ಹಾಕಿಯೂ ಸದ್ದನ್ನು ಪೂರ್ತಿ ಏರಿಸಿ ಕೂತವರಿಗೆ ಆ ಲಾಭ ಸಿಗುವುದಿಲ್ಲ.

ಚಿಕ್ಕಮ್ಮ ಕೊನೆಗೆ ಅಳಿಯ ಹೇಳಿದ್ದಕ್ಕಿಂತ ಅಗ್ಗದ, ಹಗುರವಾದ ಒಂದನ್ನು ಆರಿಸಿಕೊಂಡರು. ಅದರ ಬಲಗಡೆಯ ಗುಂಡಿ ಒತ್ತಿದರೆ ಹೊರಗಿನ ಮಾತು ಕೇಳುತ್ತಿತ್ತು. ಹೊರಡುವ ವಾರವೆಲ್ಲ ಮನೆಯಲ್ಲಿ ಮಿಕ್ಸಿ ಹಾಕಿ ಅದನ್ನೇ ಅಭ್ಯಾಸ ಮಾಡಿದರು.