ಹಗೇವೂ ಉರುಳಗೆಡ್ಡೆಯೂ

ರಾಗಿಯನ್ನು ಕೂಡಿಡುವ ವಿದ್ಯೆಯಲ್ಲಿ ನಮ್ಮ ಬಯಲುಸೀಮೆಯ ರೈತನು ಯಾರಿಂದಲೂ ಪಾಠ ಹೇಳಿಸಿಕೊಳ್ಳಬೇಕಾಗಿರಲಿಲ್ಲ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಅಂದರೆ 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದ ತಾಲ್ಲೂಕುಗಳ ಹಳ್ಳಿಗಳಲ್ಲಿ, ಗಟ್ಟಿನೆಲವನ್ನು ಬಗೆದು ಹಗೇವು ತೋಡುತ್ತಿದ್ದರು. ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಧಾನ್ಯವು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಒಳಗಿನ ಆಮ್ಲಜನಕವು ಕ್ರಮೇಣ ತೀರಿಹೋಗಿ ಹುಳುಗಳು ಬದುಕುವಂತಿರಲಿಲ್ಲ. ಹಗೇವನ್ನು ತೆರೆದೊಡನೆ ಮನುಷ್ಯರು ಇಳಿಯದೆ, ಮೊದಲು ದೀಪವನ್ನು ಇಳಿಬಿಟ್ಟು ಅದು ಆರುವುದೋ ಇಲ್ಲವೋ ಎಂದು ನೋಡುತ್ತಿದ್ದುದು ಈ ಕಾರಣದಿಂದಲೇ.

ಇಂಥ ಸೀಮೆಗೆ ಉರುಳಗೆಡ್ಡೆ ಬಂದಿತು. ಪೇಟೆಯವರು ಆಲೂಗೆಡ್ಡೆ ಎನ್ನುವ ಇದರ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ. ಪೋರ್ಚುಗೀಸರ ಕಾಲದಲ್ಲಿ ನಮ್ಮ ಪಶ್ಚಿಮ ತೀರವನ್ನು ಮುಟ್ಟಿದ ಈ ಪೈರು, ಹತ್ತೊಂಬತ್ತನೆಯ ಶತಮಾನದಲ್ಲಿ ಒಳನಾಡಿನಲ್ಲಿ ಹರಡಿತು. 1809ರಲ್ಲಿ ಬೆಂಗಳೂರಿನಲ್ಲಿ ದಂಡು ನೆಲೆಗೊಂಡ ಮೇಲೆ ಅದನ್ನು ಕೊಳ್ಳುವವರಿಗೆ ಕೊರತೆಯಿರಲಿಲ್ಲ. ಮುಂದೆ 1915ರ ಸುಮಾರಿಗೆ ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೂ, ಅಲ್ಲಿಂದ ಶಿಡ್ಲಘಟ್ಟ ಚಿಂತಾಮಣಿಗಳ ಮಾರ್ಗವಾಗಿ ಕೋಲಾರಕ್ಕೂ ಸಣ್ಣ ರೈಲು ಓಡಲು, ಪೇಟೆಯು ಇನ್ನಷ್ಟು ಹತ್ತಿರವಾಯಿತು.

ಆದರೆ ಹಗೇವಿನ ಪಾಠವು ಇಲ್ಲಿ ತಲೆಕೆಳಗಾಗುತ್ತದೆ. ಗೆಡ್ಡೆಯ ತೂಕದಲ್ಲಿ ನೂರಕ್ಕೆ ಸುಮಾರು 80 ಭಾಗ ನೀರು. ಅದು ಉಸಿರಾಡುತ್ತದೆ, ಬೆವರುತ್ತದೆ, ರಾಶಿ ಹಾಕಿದರೆ ಕಾವೇರುತ್ತದೆ. ಗಾಳಿಯಾಡದಂತೆ ಮುಚ್ಚಿದರೆ ತಿರುಳು ಕಪ್ಪಾಗಿ ಕೊಳೆಯುತ್ತದೆ. ಬೆಳಕಿಗಿಟ್ಟರೆ ಹಸುರೇರಿ ಕಹಿವಿಷ ಕೂಡುತ್ತದೆ. ಆದುದರಿಂದ ಮಣ್ಣನ್ನು ತೊಳೆಯದೆ, ಗುದ್ದಲಿಯೇಟು ಬಿದ್ದುದನ್ನು ಬೇರೆಮಾಡಿ, ತಣ್ಣನೆಯ ಕತ್ತಲೆಕೋಣೆಯಲ್ಲಿ ತೆಳ್ಳಗೆ ಹರಡುವುದೇ ಮನೆಮಂದಿಗೆ ಉಳಿದ ಮಾರ್ಗ. ಆಂಡೀಸಿನ ಜನರು ಗೆಡ್ಡೆಯನ್ನು ರಾತ್ರಿಯ ಹಿಮದಲ್ಲಿ ಹೆಪ್ಪುಗಟ್ಟಿಸಿ, ಹಗಲಿನ ಬಿಸಿಲಿನಲ್ಲಿ ಒಣಗಿಸಿ, ವರ್ಷಗಟ್ಟಲೆ ಕಾಪಾಡುತ್ತಾರೆ. ನಮ್ಮ ನಂದಿಬೆಟ್ಟದ ಚಳಿಯು ಎಷ್ಟೇ ಹೆಸರಾಂತುದಾದರೂ ಆ ಕೆಲಸಕ್ಕೆ ಸಾಲದು!

ಊಟದ ಗೆಡ್ಡೆಯ ಪಾಡು ಹೇಗೋ ಸಾಗುತ್ತಿತ್ತು. ಕಷ್ಟವೆಲ್ಲ ಬಿತ್ತನೆಯ ಗೆಡ್ಡೆಯದು. ಮಾಘ ಫಾಲ್ಗುಣಗಳಲ್ಲಿ ಅಗೆದದ್ದನ್ನು ಚೈತ್ರ ವೈಶಾಖಗಳ ಬೇಗೆ ದಾಟಿಸಿ ಮುಂಗಾರಿಗೆ ಮುಟ್ಟಿಸಬೇಕು. ಗೆಡ್ಡೆಯ ನಿದ್ರೆಯಾದರೋ ಎರಡು ಮೂರು ತಿಂಗಳದು. ಆಮೇಲೆ ಕಣ್ಣೊಡೆದು ಸೊರಗುತ್ತದೆ. ಇದರ ಮೇಲೆ 1906ರ ಸುಮಾರಿಗೆ, ಇಟಲಿಯಿಂದ ಮುಂಬಯಿಗೆ ಬಂದ ಬಿತ್ತನೆಯೊಡನೆ, ಗೆಡ್ಡೆ ಕೊರೆಯುವ ಪತಂಗವೂ ನಮ್ಮ ದೇಶವನ್ನು ಹೊಕ್ಕಿತು. ಈ ಪತಂಗವು ಗೆಡ್ಡೆಯ ಕಣ್ಣುಗಳಲ್ಲಿ ಮೊಟ್ಟೆಯಿಡುತ್ತದೆ. ಒಣ ಮರಳನ್ನು ಮೇಲೆ ಹೊದಿಸಿದರೆ ಅದಕ್ಕೆ ದಾರಿ ಸಿಕ್ಕದು. ಸಾಮಾನ್ಯ ರೈತನ ಕೈಗೆಟಕುವ ಉಪಾಯ ಅಷ್ಟೇ ಆಗಿತ್ತು.

ಅಮೆರಿಕದಿಂದಲೇ ಬಂದ ಗೆಣಸಿಗೆ ಈ ತೊಡಕಿಲ್ಲ, ಬಳ್ಳಿಯ ತುಂಡೇ ಅದಕ್ಕೆ ಬಿತ್ತನೆ. ಸುವರ್ಣಗೆಡ್ಡೆಯೂ ಅಷ್ಟೆ, ಅಟ್ಟದ ಮೂಲೆಯಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿರುತ್ತದೆ. ರಾಗಿಯ ಬೀಜವನ್ನು ಸ್ವಂತ ಗುಡಾಣದಿಂದ ತೆಗೆದು ಬಿತ್ತುತ್ತಿದ್ದ ಒಕ್ಕಲು ಮನೆತನವು ಉರುಳಗೆಡ್ಡೆಯ ಬಿತ್ತನೆಗೆ ಮಾತ್ರ ಪರರ ಬಾಗಿಲಿಗೆ ಹೋಗಬೇಕಾಯಿತು. ಶೈತ್ಯಾಗಾರಗಳು ಬಂದ ಮೇಲೂ ಆ ನಡಿಗೆ ನಿಂತಿಲ್ಲ, ದೂರವಾಗಿದೆ. ಈಗ ಬಿತ್ತನೆಗೆಡ್ಡೆಯು ಬಹುಮಟ್ಟಿಗೆ ಪಂಜಾಬಿನ ಜಲಂಧರದ ಕಡೆಯಿಂದ ಲಾರಿಗಳಲ್ಲಿ ಬರುತ್ತದೆ. ಆ ಮೂಟೆಯ ಬೆಲೆಯನ್ನು ಕೇಳಿದ ಮೇಲೆಯೇ ಎಷ್ಟು ನೆಲಕ್ಕೆ ಗೆಡ್ಡೆ ಹಾಕಬೇಕೆಂಬುದು ಇಲ್ಲಿಯ ಮನೆಗಳಲ್ಲಿ ನಿಶ್ಚಯವಾಗುವುದು.