ರಿಪೇರಿ ಅಂಗಡಿಯಿಂದ ಗುಜರಿಯವರೆಗೆ

ಕೆಟ್ಟ ಗೃಹೋಪಕರಣವನ್ನು ರಿಪೇರಿ ಮಾಡಬೇಕೋ, ಮಾರಬೇಕೋ, ಗುಜರಿಗೆ ಹಾಕಬೇಕೋ ಎಂಬ ಲೆಕ್ಕಾಚಾರ ಕಾಲಕಾಲಕ್ಕೆ ಬದಲಾಗಿದೆ. ವಾಲ್ವ್ ರೇಡಿಯೊ ಕಾಲದಲ್ಲಿ ಅಂಥ ಪ್ರಶ್ನೆ ಏಳುತ್ತಿದ್ದುದೇ ಕಡಿಮೆ. ಸುಟ್ಟ ವಾಲ್ವನ್ನು ಸಾಕೆಟ್‌ನಿಂದ ಕಿತ್ತು ಬೇರೊಂದನ್ನು ಕೂರಿಸಿದರೆ ರೇಡಿಯೊ ಮತ್ತೆ ಹಾಡುತ್ತಿತ್ತು. ಹೊಸದರ ಬೆಲೆಯಂತೂ ಹೆಚ್ಚಿನವರಿಗೆ ನಿಲುಕುತ್ತಿರಲಿಲ್ಲ. ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಗಳು ಬೆಳೆದವು.

ಮಿಕ್ಸಿ ಬಂದಮೇಲೆ ತೀರ್ಮಾನ ಮೆಕ್ಯಾನಿಕ್‌ನ ಕೈಗೆ, ಮೂಗಿಗೆ ಬಂತು. ಕಾರ್ಬನ್ ಬ್ರಷ್ ಸವೆದಿದ್ದರೆ ಕೆಲವೇ ನಿಮಿಷಗಳ ಕೆಲಸ. ಮುಚ್ಚಳ ಬಿಚ್ಚಿದಾಗ ಸುಟ್ಟ ವಾರ್ನಿಷ್ ವಾಸನೆ ಹೊಡೆದರೆ ಆರ್ಮೇಚರ್ ಹೋಗಿದೆ ಎಂದರ್ಥ. ರಿವೈಂಡಿಂಗ್ ಖರ್ಚು ಗಿಟ್ಟದಿದ್ದರೆ ತಾಮ್ರಕ್ಕಷ್ಟೇ ಬೆಲೆ.

1982ರಲ್ಲಿ ಬಣ್ಣದ ಪ್ರಸಾರ ಶುರುವಾದ ಮೇಲೆ ಕಪ್ಪು-ಬಿಳುಪು ಟಿ.ವಿ.ಗಳು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆ ಸೇರತೊಡಗಿದವು. 1991ರ ಉದಾರೀಕರಣದ ನಂತರ ಹೊಸ ಕಂಪನಿಗಳ ಪೈಪೋಟಿಯೊಂದಿಗೆ ಎಕ್ಸ್‌ಚೇಂಜ್ ಕೊಡುಗೆಗಳೂ ಬಂದವು. ರಿಪೇರಿಯ ಕಸುಬಿಗೆ ದೊಡ್ಡ ಪೆಟ್ಟು ಬಿದ್ದದ್ದು ಆಗಲೇ ಎನ್ನಬೇಕು. ಎಲ್‌ಸಿಡಿ ಬಂದಾಗ ಪಿಕ್ಚರ್ ಟ್ಯೂಬ್ ಟಿ.ವಿ. ಗುಜರಿಯವನಿಗೂ ಹೊರೆಯಾಯಿತು: ಅದರ ಗಾಜಿನಲ್ಲಿ ಸೀಸವಿದೆ, ಒಳಗೆ ತಾಮ್ರ ಅಲ್ಪವೇ.

ಬಯಲಲ್ಲಿ ತಂತಿ ಸುಟ್ಟು ತಾಮ್ರ ತೆಗೆಯುವ ಪದ್ಧತಿಯ ಅಪಾಯ ಅರಿವಾದದ್ದು ತಡವಾಗಿ. ದೇಶದ ಇ-ತ್ಯಾಜ್ಯ ನಿಯಮಗಳು 2012ರ ಮೇ 1ರಂದು ಜಾರಿಗೆ ಬಂದು, ಟಿ.ವಿ., ಫ್ರಿಜ್, ವಾಷಿಂಗ್ ಮಷೀನ್‌ಗಳ ವಿಲೇವಾರಿಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದವು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಹೊಸ ನಿಯಮಗಳ ಪಟ್ಟಿಯಲ್ಲಿ ಇಸ್ತ್ರಿಪೆಟ್ಟಿಗೆಯೂ ಇದೆ.